ವಿಳಾಸ ತಿಳಿಯದ ಪತ್ರಗಳಿಗೊಂದು ಗೂಡು: ‘ಬಿಲವ್ಡ್’ ಓದಲು ಕೂರುವವರಿಗೆ

ಮೊದಲೇ ಹೇಳಿಬಿಡುತ್ತೇನೆ, ಈ ಕಾದಂಬರಿಯನ್ನು ನಾನು ಇನ್ನೂ ಮುಗಿಸಿಲ್ಲ. ಮೂರು ಭಾಗಗಳಲ್ಲಿ ಮೊದಲನೆಯದನ್ನು ದಾಟಿ ಎರಡನೆಯದರಲ್ಲಿ ಇಪ್ಪತ್ತು ಪುಟ ನಡೆದಿದ್ದೇನೆ, ಅಷ್ಟೇ. ಮುಗಿಸದವಳು ಓದುವ ಬಗೆ ಹೇಳಿಕೊಡಲು ಹೊರಟಿದ್ದಾಳೆ ಎಂದು ನಗಬೇಡಿ. ಮುಗಿಸಿದವರನ್ನು ಕೇಳಿ ನೋಡಿದ್ದೇನೆ. ‘ಅದ್ಭುತ, ಓದಲೇಬೇಕು’ ಎನ್ನುತ್ತಾರೆ. ಎಲ್ಲಿ ಎಡವಿದಿರಿ ಎಂದು ಕೇಳಿದರೆ ಅವರಿಗೆ ನೆನಪಿಲ್ಲ. ನನ್ನ ಕಾಲ್ಬೆರಳು ಇನ್ನೂ ನೋಯುತ್ತಿದೆ. ಹಾಗಾಗಿ ಯಾವ ಕಲ್ಲು ಎಲ್ಲಿದೆ ಎಂದು ಈಗಲೇ ಬರೆದಿಡುತ್ತಿದ್ದೇನೆ.

ನಾನು ಅಂಚೆ ಇಲಾಖೆಯಲ್ಲಿ ಮೂವತ್ತನಾಲ್ಕು ವರ್ಷ ದುಡಿದು ನಿವೃತ್ತಳಾದವಳು, ಹಾಸನದವಳು. ಅದರಲ್ಲಿ ಹತ್ತೊಂಬತ್ತು ವರ್ಷ ಸಾರ್ಟಿಂಗ್‌ನಲ್ಲೇ, ಅಂದರೆ ಪತ್ರಗಳನ್ನು ವಿಳಾಸ ನೋಡಿ ಗೂಡುಗಳಿಗೆ ವಿಂಗಡಿಸುವ ಕೆಲಸದಲ್ಲೇ ಕಳೆದೆ. ಮಗಳ ಬಾಣಂತನಕ್ಕೆಂದು ಆರು ತಿಂಗಳ ಮಟ್ಟಿಗೆ ಅಮೆರಿಕಕ್ಕೆ ಬಂದಿದ್ದೇನೆ. ಅವಳ ಮನೆ ಕೆಂಟಕಿ ರಾಜ್ಯದ ಕವಿಂಗ್ಟನ್‌ನಲ್ಲಿ, ಒಹಾಯೊ ನದಿಯ ದಕ್ಷಿಣ ದಡದಲ್ಲಿ. ಎದುರು ದಡದಲ್ಲಿ ಸಿನ್ಸಿನಾಟಿ. ಅಮೆರಿಕದ ಕರಿಯ ಲೇಖಕಿ ಟೋನಿ ಮಾರಿಸನ್ ಅವರ, ಗುಲಾಮಗಿರಿಯ ಕುರಿತ ಈ ಕಾದಂಬರಿ ಪ್ರಕಟವಾದದ್ದು 1987ರಲ್ಲಿ. ಕತೆ ನಡೆಯುವುದು ಇದೇ ನದಿಯ ಆಚೆ ಈಚೆ. ಗ್ರಂಥಾಲಯದಲ್ಲಿ ಮಗಳ ಕಾರ್ಡು ತೋರಿಸಿ ಪುಸ್ತಕ ತಂದೆ. ಎರಡು ಸಲ ಅವಧಿ ವಿಸ್ತರಿಸಿಕೊಂಡಿದ್ದೇನೆ. ಮೊದಲ ಸಲ ಹನ್ನೆರಡು ಪುಟ ಓದಿ ಮಡಚಿಟ್ಟಿದ್ದೆ. ಎರಡನೆಯ ಸಲ ಮತ್ತೆ ಅದೇ ಹನ್ನೆರಡು ಪುಟ. ದಾರಿ ಸಿಕ್ಕಿದ್ದು ಮೂರನೆಯ ಸಲಕ್ಕೆ.

ಓದುವ ಮುನ್ನ ಮಾಡಬಾರದ ಕೆಲಸ ಮೂರಿವೆ. ಹಿಂದಿನ ರಕ್ಷಾಪುಟದ ಬರಹವನ್ನು ಓದಬೇಡಿ. 1998ರಲ್ಲಿ ಇದೇ ಹೆಸರಿನ ಸಿನಿಮಾ ಬಂದಿದೆ, ಅದನ್ನು ಮೊದಲು ನೋಡಬೇಡಿ. ನಿಮ್ಮ ಪ್ರತಿಯಲ್ಲಿ ಲೇಖಕಿಯ ಮುನ್ನುಡಿ ಇದ್ದರೆ ಅದನ್ನು ಕೊನೆಗೆ ಬಿಡಿ. ಈ ಕತೆಯ ಹಿಂದೆ ಮಾರ್ಗರೆಟ್ ಗಾರ್ನರ್ ಎಂಬ ನಿಜವಾದ ಹೆಂಗಸು ಇದ್ದಾಳೆ. 1856ರ ಜನವರಿಯಲ್ಲಿ ಹೆಪ್ಪುಗಟ್ಟಿದ ಒಹಾಯೊ ನದಿಯ ಮೇಲೆ ಮನೆಮಂದಿಯೊಂದಿಗೆ ನಡೆದು ಸಿನ್ಸಿನಾಟಿ ಸೇರಿದವಳು. ಅಲ್ಲಿ ಏನಾಯಿತು ಎಂಬುದನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆದರೆ ಮೊದಲ ಭಾಗದ ಕೊನೆಯಲ್ಲಿ ನಿಮಗೆ ಬೀಳಬೇಕಾದ ಪೆಟ್ಟನ್ನು ನಾನು ಕದ್ದಂತಾಗುತ್ತದೆ. ಆ ಭಾಗ ಮುಗಿದ ಮೇಲೆ ಹುಡುಕಿ ಓದಿ. ಕೋರ್ಟು ಅವಳನ್ನು ಮನುಷ್ಯಳೆಂದು ಪರಿಗಣಿಸಬೇಕೋ ಯಾರದೋ ಸ್ವತ್ತೆಂದು ಪರಿಗಣಿಸಬೇಕೋ ಎಂದು ವಕೀಲರು ವಾದಿಸಿದ ಪ್ರಕರಣ ಅದು.

ಇತಿಹಾಸ ಎಷ್ಟು ಗೊತ್ತಿರಬೇಕು? ಒಂದು ಪೋಸ್ಟ್ ಕಾರ್ಡಿನ ಹಿಂಬದಿಗೆ ಹಿಡಿಸುವಷ್ಟು ಸಾಕು. ನಾನು ಊರಿನಿಂದ ತಂದಿದ್ದ ಐವತ್ತು ಪೈಸೆಯ ಕಾರ್ಡಿನ ಮೇಲೆ ನಾಲ್ಕು ಇಸವಿ ಬರೆದು ಅದನ್ನೇ ಪುಟದ ಗುರುತಿಗೆ ಇಟ್ಟುಕೊಂಡಿದ್ದೇನೆ. 1850: ಓಡಿಹೋದ ಗುಲಾಮರ ಕಾನೂನು, ಗುಲಾಮಗಿರಿ ಇಲ್ಲದ ರಾಜ್ಯಕ್ಕೆ ತಪ್ಪಿಸಿಕೊಂಡು ಹೋದವರನ್ನೂ ಹಿಡಿದು ಒಡೆಯನಿಗೆ ಒಪ್ಪಿಸಬೇಕು. 1855: ಕತೆಯ ನಾಯಕಿ ಸೆಥಾ ಕೆಂಟಕಿಯಿಂದ ಓಡಿಬಂದ ವರ್ಷ. 1865: ಅಂತರ್ಯುದ್ಧ ಮುಗಿದು, ಸಂವಿಧಾನದ 13ನೇ ತಿದ್ದುಪಡಿಯಿಂದ ಗುಲಾಮಗಿರಿ ರದ್ದಾದ ವರ್ಷ. 1873: ಕಾದಂಬರಿಯ ‘ಈಗ’. ಸೆಥಾಳ ಮಗಳು ಡೆನ್ವರ್‌ಗೆ ಆಗ ಹದಿನೆಂಟು. ಓದುತ್ತಾ ಕಾಲದ ಜಾಡು ತಪ್ಪಿದಾಗಲೆಲ್ಲ ಡೆನ್ವರ್‌ಳ ವಯಸ್ಸು ಎಷ್ಟೆಂದು ನೋಡಿ. ಅವಳೇ ಈ ಪುಸ್ತಕದ ಕ್ಯಾಲೆಂಡರ್. ಅವಳು ಹುಟ್ಟಿಲ್ಲವಾದರೆ ನೀವು ಕೆಂಟಕಿಯಲ್ಲಿದ್ದೀರಿ.

ಇನ್ನು ನದಿಯ ವಿಷಯ. ಭೂಪಟ ನೋಡಿದರೆ ಅದೊಂದು ಗೆರೆ: ದಕ್ಷಿಣಕ್ಕೆ ಗುಲಾಮಗಿರಿಯಿದ್ದ ಕೆಂಟಕಿ, ಉತ್ತರಕ್ಕೆ ಅದಿಲ್ಲದ ಒಹಾಯೊ ರಾಜ್ಯ. ನಾನು ಅದನ್ನು ನಡೆದು ದಾಟಿದ್ದೇನೆ, ಮೊಮ್ಮಗುವಿನ ತಳ್ಳುಗಾಡಿಯೊಂದಿಗೆ. ಇಲ್ಲಿಯ ರೋಬ್ಲಿಂಗ್ ತೂಗುಸೇತುವೆ 1866ರ ಕೊನೆಗೆ ಜನರ ಓಡಾಟಕ್ಕೆ ತೆರೆದದ್ದು. ಎರಡು ಕಂಬಗಳ ನಡುವಿನ ಅಂತರವೇ 1,057 ಅಡಿ. ನನ್ನ ಮೊಣಕಾಲಿಗೆ ಆಚೆ ತಲುಪಲು ಹದಿನಾಲ್ಕು ನಿಮಿಷ ಬೇಕಾಯಿತು. ಸೆಥಾ ದಾಟುವಾಗ ಈ ಸೇತುವೆ ಇರಲಿಲ್ಲ. ಇನ್ನೊಂದು ಸಂಗತಿ ಅಳಿಯ ಹೇಳಿದ: ಎರಡು ರಾಜ್ಯಗಳ ಗಡಿ ನದಿಯ ನಡುವೆ ಇಲ್ಲ, ಉತ್ತರ ದಡದ ಪಕ್ಕದಲ್ಲಿದೆ, ನೀರು ಬಹುಪಾಲು ಕೆಂಟಕಿಯದೇ. ಅಂದರೆ ದೋಣಿಯಲ್ಲಿ ಅರ್ಧ ನದಿ ದಾಟಿದವಳು ಇನ್ನೂ ಗುಲಾಮರ ರಾಜ್ಯದಲ್ಲೇ ಇದ್ದಾಳೆ. ಇದು ತಿಳಿದ ಮೇಲೆ ಡೆನ್ವರ್ ಹುಟ್ಟುವ ಪುಟಗಳನ್ನು ಮತ್ತೆ ಓದಿದೆ. ಸೋರುವ ದೋಣಿಯಲ್ಲಿ, ದಡದ ಪಕ್ಕ, ನೀರಿನ ಮೇಲೆಯೇ ಹೆರಿಗೆ. ಮೊದಲ ಓದಿನಲ್ಲಿ ಅದು ಸಾಹಸದಂತೆ ಕಂಡಿತ್ತು. ಎರಡನೆಯ ಓದಿನಲ್ಲಿ ಮಗುವಿನ ತಲೆ ಯಾವ ರಾಜ್ಯದಲ್ಲಿ ಹೊರಬಂತು ಎಂದು ಲೆಕ್ಕ ಹಾಕುತ್ತಾ ಕೂತೆ.

ಸೇತುವೆಯ ಆ ತುದಿಯಲ್ಲಿ, ನದಿಯ ದಂಡೆಯಲ್ಲೇ, 2004ರಲ್ಲಿ ತೆರೆದ ಅಂಡರ್‌ಗ್ರೌಂಡ್ ರೈಲ್‌ರೋಡ್ ವಸ್ತುಸಂಗ್ರಹಾಲಯವಿದೆ. ರೈಲು ಮೇಲ್‌ನವರ ಜೊತೆ ಒಡನಾಡಿದ ನನಗೆ ಹೆಸರು ಕೇಳಿ ಹಳಿ, ಬೋಗಿ ಎಲ್ಲ ಕಣ್ಣಮುಂದೆ ಬಂದವು. ರೈಲೂ ಇಲ್ಲ, ನೆಲದಡಿಯೂ ಅಲ್ಲ. ಓಡಿಬಂದವರನ್ನು ಮನೆಯಿಂದ ಮನೆಗೆ ಬಚ್ಚಿಟ್ಟು ದಾಟಿಸುತ್ತಿದ್ದ ಜನರ ಗುಟ್ಟಿನ ಸರಪಣಿಗೆ ಆ ಹೆಸರು. ಒಳಗೆ, ಕೆಂಟಕಿಯ ಮೇಸನ್ ಕೌಂಟಿಯಿಂದ ಬಿಚ್ಚಿ ತಂದು ನಿಲ್ಲಿಸಿದ ಮರದ ದಿಮ್ಮಿಗಳ ಎರಡಂತಸ್ತಿನ ಕೊಠಡಿ ಇದೆ. ದಕ್ಷಿಣಕ್ಕೆ ಮಾರಲು ಸಾಗಿಸುವ ಮುನ್ನ ಜನರನ್ನು ಕೂಡಿಡುತ್ತಿದ್ದ ಜಾಗ. ಒಳಗೆ ಹೋದೆ. ಎರಡು ನಿಮಿಷಕ್ಕಿಂತ ಹೆಚ್ಚು ನಿಲ್ಲಲಾಗಲಿಲ್ಲ.

ಸರಿ, ಈಗ ಮೊದಲ ಪುಟ. ಕಾದಂಬರಿಯ ಮೊದಲ ಪದ ಪದವೇ ಅಲ್ಲ, ಅಂಕಿ: 124. ಅದು ಮನೆಯ ನಂಬರು. ಬ್ಲೂಸ್ಟೋನ್ ರಸ್ತೆಯ ಈ ಮನೆ ಸಿಟ್ಟಿನಿಂದ, ಹಗೆಯಿಂದ ತುಂಬಿದೆ. ಸತ್ತುಹೋದ ಒಂದು ಹಸುಗೂಸು ಮನೆಯನ್ನು ಹಿಡಿದುಕೊಂಡಿದೆ. ನೋಡಿದರೆ ಸಾಕು, ಕನ್ನಡಿ ಒಡೆಯುತ್ತದೆ. ಕೇಕಿನ ಮೇಲೆ ಎರಡು ಪುಟ್ಟ ಅಂಗೈ ಗುರುತು ಮೂಡುತ್ತದೆ. ಗಂಡು ಹುಡುಗರಿಬ್ಬರು ಹದಿಮೂರು ವಯಸ್ಸಾಗುವಷ್ಟರಲ್ಲಿ ಮನೆ ಬಿಟ್ಟು ಓಡುತ್ತಾರೆ. ಇಷ್ಟೆಲ್ಲ ಮೊದಲ ಪುಟದಲ್ಲೇ, ಯಾಕೆ ಹೀಗೆಂದು ಹೇಳದೆ.

ನನಗೆ ಸಿಕ್ಕಿದ ಎಳೆ ಬೇರೆ. ಆ ಕಾಲಕ್ಕೆ ಆ ಮನೆಗೆ ನಂಬರೇ ಇರಲಿಲ್ಲ, ಸಿನ್ಸಿನಾಟಿ ಅಷ್ಟು ದೂರ ಬೆಳೆದಿರಲಿಲ್ಲ ಎಂದು ಒಂದು ಮಾತು ಬರುತ್ತದೆ. ಬೇರೆಯವರು ಅದನ್ನು ದಾಟಿಹೋಗುತ್ತಾರೇನೋ, ಅಂಚೆಯವಳು ದಾಟಲಾರಳು. ನಂಬರಿಲ್ಲದ ಮನೆಯನ್ನು ನಂಬರಿನಿಂದ ಕರೆಯುತ್ತಿರುವವರು ಯಾರು? ಬಹಳ ಆಮೇಲೆ, ಊರು ಬೆಳೆದ ಮೇಲೆ, ಹಿಂತಿರುಗಿ ನೋಡುತ್ತಾ ಹೇಳುತ್ತಿರುವ ಯಾರೋ. ಅಲ್ಲಿಗೆ ನನಗೆ ಒಂದು ವಿಷಯ ಖಾತ್ರಿಯಾಯಿತು: ಇಲ್ಲಿ ಕತೆ ಹೇಳುವವರಿಗೆ ಎಲ್ಲವೂ ಗೊತ್ತಿದೆ, ಬೇಕೆಂದೇ ತಡೆದು ಹೇಳುತ್ತಿದ್ದಾರೆ. ಅರ್ಥವಾಗದಿದ್ದರೆ ಅದು ನನ್ನ ಇಂಗ್ಲಿಷಿನ ದೋಷವಲ್ಲ. ಈ ಸಮಾಧಾನ ಸಣ್ಣದಲ್ಲ. ನನ್ನಂತೆ ಕನ್ನಡದಲ್ಲಿ ಓದಿ ಬೆಳೆದು, ಇಂಗ್ಲಿಷ್ ಕಾದಂಬರಿಯನ್ನು ಅಳುಕಿನಿಂದ ಹಿಡಿಯುವವರು ಇದನ್ನು ಮೊದಲ ದಿನವೇ ಮನಸ್ಸಿಗೆ ತಂದುಕೊಳ್ಳಬೇಕು.

ಹಾಗಾದರೆ ಅರ್ಥವಾಗದ್ದನ್ನು ಏನು ಮಾಡಬೇಕು? ನಾನು ಸಾರ್ಟಿಂಗ್‌ಗೆ ಸೇರಿದ ಹೊಸತರಲ್ಲಿ ಓದಲಾಗದ ವಿಳಾಸವೊಂದನ್ನು ಹಿಡಿದು ಕಾಲು ಗಂಟೆ ನಿಂತಿದ್ದೆ. ನಮ್ಮ ಹಿರಿಯ ಸಾರ್ಟರ್ ಬಂದು ಪತ್ರ ಕಿತ್ತುಕೊಂಡು ತುದಿಯ ಖಾಲಿ ಗೂಡಿಗೆ ಹಾಕಿದರು. ‘ನೋಡುತ್ತಾ ನಿಂತರೆ ಅದು ಓದಿಸಿಕೊಳ್ಳುವುದಿಲ್ಲಮ್ಮ. ಅದೇ ಕೈಬರಹದ ಇನ್ನೊಂದು ಪತ್ರ ಸಂಜೆಯೊಳಗೆ ಬರುತ್ತದೆ, ಆಗ ಎರಡನ್ನೂ ಪಕ್ಕದಲ್ಲಿಟ್ಟು ನೋಡು’ ಎಂದರು. ಸಂಜೆಯೊಳಗೆ ಅಲ್ಲದಿದ್ದರೆ ಮರುದಿನ, ಬರುತ್ತಿತ್ತು. ಮೊದಲನೆಯದರಲ್ಲಿ ‘ಗೊ’ಯೋ ‘ಸೊ’ಯೋ ತಿಳಿಯದ ಅಕ್ಷರ ಎರಡನೆಯದರಲ್ಲಿ ತಾನಾಗಿ ಬಿಚ್ಚಿಕೊಳ್ಳುತ್ತಿತ್ತು.

ಮಾರಿಸನ್ ಅವರನ್ನು ಓದುವ ಬಗೆ ಇದೇ. ನೋಟ್‌ಪುಸ್ತಕದ ಹಿಂದಿನ ಪುಟವನ್ನು ಗೂಡು ಮಾಡಿಕೊಳ್ಳಿ. ತಿಳಿಯದ್ದನ್ನು ಅಲ್ಲಿ ಒಂದೇ ಸಾಲಿನಲ್ಲಿ ಬರೆದು ಮುಂದೆ ನಡೆಯಿರಿ. ನನ್ನ ಗೂಡಿನಲ್ಲಿ ಮೊದಲ ವಾರ ಇದ್ದದ್ದು ಇಷ್ಟು: ಹ್ಯಾಲಿ ಯಾಕೆ ಬರಲಿಲ್ಲ? ಬೆನ್ನ ಮೇಲಿನ ಮರ ಎಂದರೇನು? ಇಪ್ಪತ್ತೆಂಟು ದಿನ ಯಾವುದರ ಲೆಕ್ಕ? ಊರವರು ಈ ಮನೆಗೆ ಯಾಕೆ ಬರುವುದಿಲ್ಲ? ಸೆಥಾಳ ಗಂಡ ಹ್ಯಾಲಿಯ ಪ್ರಶ್ನೆಗೆ ಅರವತ್ತು ಎಪ್ಪತ್ತು ಪುಟ ಕಾದ ಮೇಲೆ ಉತ್ತರ ಬಂತು. ಬಂದಾಗ, ಬರದೆಯೇ ಇದ್ದಿದ್ದರೆ ಚೆನ್ನಾಗಿತ್ತು ಎನಿಸಿತು. ಸೆಥಾಳಿಗೂ ಹಾಗೇ ಎನಿಸುತ್ತದೆ. ಇಲ್ಲಿ ಯಾವುದನ್ನೂ ಒಂದೇ ಸಲಕ್ಕೆ ಹೇಳಿ ಮುಗಿಸುವುದಿಲ್ಲ. ಡೆನ್ವರ್ ಹುಟ್ಟಿದ ಕತೆ ಒಮ್ಮೆ ಅರ್ಧ ಬಂದು ನಿಲ್ಲುತ್ತದೆ. ಬಹಳ ಪುಟಗಳಾದ ಮೇಲೆ ಡೆನ್ವರ್ ಅದನ್ನು ಇನ್ನೊಬ್ಬಳಿಗೆ ಹೇಳುವಾಗ ಮಿಕ್ಕದ್ದು ಸಿಗುತ್ತದೆ. ಆದ್ದರಿಂದ ಹಿಂದಕ್ಕೆ ಹೋಗಿ ಹುಡುಕುವ ಚಟ ಬಿಡಿ. ಅದೇ ಕೈಬರಹದ ಇನ್ನೊಂದು ಪತ್ರ ಬರುತ್ತದೆ.

ಈಗ ಒಂದು ಜಾಗವನ್ನು ಹತ್ತಿರದಿಂದ ತೋರಿಸಬೇಕು. ಅಡುಗೆಮನೆಯ ಸನ್ನಿವೇಶ, ಮೊದಲ ಇಪ್ಪತ್ತು ಪುಟಗಳೊಳಗೇ ಬರುತ್ತದೆ. ಹದಿನೆಂಟು ವರ್ಷಗಳ ಮೇಲೆ ಪಾಲ್ ಡಿ ಬಂದಿದ್ದಾನೆ. ಸ್ವೀಟ್ ಹೋಮ್ ಎಂಬ, ಹೆಸರು ಮಾತ್ರ ಸಿಹಿಯಾದ ಆ ಕೆಂಟಕಿಯ ತೋಟದಲ್ಲಿ ಸೆಥಾಳ ಜೊತೆಗೆ ಗುಲಾಮನಾಗಿದ್ದವನು. ಅವಳು ಒಲೆಯ ಮುಂದೆ ಬಿಸ್ಕತ್ತಿನ ಹಿಟ್ಟಿನ ಕೆಲಸದಲ್ಲಿದ್ದಾಳೆ. ತಾನು ಓಡಿಬರುವ ಮುನ್ನ ಏನಾಯಿತೆಂದು ಹೇಳುತ್ತಾಳೆ. ಮಕ್ಕಳನ್ನು ಮೊದಲೇ ನದಿ ದಾಟಿಸಿಯಾಗಿತ್ತು, ಇನ್ನೂ ಎದೆಹಾಲು ಕುಡಿಯುವ ಮಗುವನ್ನೂ ಸೇರಿಸಿ. ತಾನು ಬಸುರಿ. ಹುಡುಗರು ಬಂದು ಹಿಡಿದುಕೊಂಡು ಅವಳ ಹಾಲನ್ನು ಕಿತ್ತುಕೊಂಡರು. ಒಡತಿಗೆ ದೂರು ಹೇಳಿದ್ದಕ್ಕೆ ಚಾವಟಿಯಿಂದ ಹೊಡೆದರು.

ಪಾಲ್ ಡಿ ಕೇಳುವುದು ಚಾವಟಿಯ ಬಗ್ಗೆ. ಅವಳು ಉತ್ತರಿಸುವುದು ಹಾಲಿನ ಬಗ್ಗೆ. ಅವನು ಮತ್ತೆ, ಬಸುರಿಯನ್ನು ಹೊಡೆದರೇ ಎನ್ನುತ್ತಾನೆ. ಅವಳು ಮತ್ತೆ ಹಾಲು ಎನ್ನುತ್ತಾಳೆ. ಇಬ್ಬರೂ ಒಂದೇ ಕೋಣೆಯಲ್ಲಿದ್ದಾರೆ, ಇಬ್ಬರೂ ಅದೇ ತೋಟದಲ್ಲಿ ಪಾಡುಪಟ್ಟವರು, ಆದರೂ ಅವಳ ಗಾಯ ಯಾವುದೆಂದು ಅವನಿಗೆ ಕೇಳಿಸುತ್ತಿಲ್ಲ. ನಾನು ಇದನ್ನು ಓದಿದ್ದು ಬೆಳಗಿನ ಜಾವ ಐದಕ್ಕೆ. ಪಕ್ಕದ ಕೋಣೆಯಲ್ಲಿ ಮಗಳು ಕೂಸಿಗೆ ಹಾಲು ಕೊಡುತ್ತಿದ್ದಳು. ಹಾಲು ಸಾಲದೆಂದು ಮೂರು ದಿನದಿಂದ ಅವಳಿಗೆ ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ, ಮೆಂತ್ಯದ ಗಂಜಿ ಎಂದು ನಾನು ಒದ್ದಾಡುತ್ತಿದ್ದೆ. ‘ಸರಿಯಾಗಿ ಬರ್ತಿಲ್ಲಮ್ಮ’ ಎಂದು ಅವಳು ಅತ್ತಿದ್ದು ಹಿಂದಿನ ರಾತ್ರಿ. ಪುಸ್ತಕ ಮುಚ್ಚಿ ಗಂಜಿಗೆ ಇಡಲು ಎದ್ದೆ. ಆ ದಿನ ಮತ್ತೆ ತೆರೆಯಲಿಲ್ಲ.

ಇದರಿಂದ ಓದುವವರಿಗೆ ಸಿಗುವ ಉಪಾಯ: ಮಾತುಕತೆ ಬಂದಾಗ ಪ್ರಶ್ನೆಗೂ ಉತ್ತರಕ್ಕೂ ತಾಳೆ ನೋಡಿ. ತಾಳೆಯಾಗದ ಜಾಗದಲ್ಲಿ ನಿಲ್ಲಿ. ಹಾಗೆಯೇ ಕೈಗಳು ಏನು ಮಾಡುತ್ತಿವೆ ನೋಡಿ. ಸೆಥಾ ನೆನಪುಗಳನ್ನು ಹಿಂದಕ್ಕೆ ತಳ್ಳುವುದು ಹಿಟ್ಟು ನಾದುತ್ತಾ. ಮನೆಯಲ್ಲಿ ಸಾವಾದ ಹೊತ್ತಿನಲ್ಲಿ ಪಾತ್ರೆಯನ್ನು ಎರಡೆರಡು ಸಲ ತಿಕ್ಕಿದ ಯಾವ ಹೆಂಗಸಿಗೂ ಇದನ್ನು ವಿವರಿಸಬೇಕಾಗಿಲ್ಲ.

ಬೆನ್ನಿನ ಮರದ ವಿಷಯಕ್ಕೂ ಒಂದು ಎಚ್ಚರಿಕೆ. ಚಾವಟಿಯ ಬಾಸುಂಡೆಗಳು ಕಾಡುಚೆರಿಯ ಮರದಂತೆ ಕಾಣುತ್ತವೆ ಎಂದು ಹೇಳಿದ್ದು ಏಮಿ ಎಂಬ ಬಿಳಿಯ ಹುಡುಗಿ, ತಾನೂ ಓಡಿಹೋಗುತ್ತಿರುವವಳು, ಮಖಮಲ್ ಬಟ್ಟೆಯ ಆಸೆ ಹೊತ್ತು ಬಾಸ್ಟನ್‌ಗೆ ಹೊರಟವಳು. ಪಾಲ್ ಡಿಗೆ ಮೊದಲು ಅದು ಕಮ್ಮಾರನ ಕುಸುರಿ ಕೆಲಸದಂತೆ ಕಾಣುತ್ತದೆ. ಸ್ವಲ್ಪ ಹೊತ್ತಿನ ಮೇಲೆ ಅವನಿಗೇ ಅದು ಅಸಹ್ಯದ ಗಾಯದ ಗಂಟುಗಳು. ಸೆಥಾ ಅದನ್ನು ನೋಡಿಯೇ ಇಲ್ಲ, ನೋಡಲಾರಳು ಕೂಡ. ಬೆನ್ನು ಒಂದೇ, ಕಣ್ಣುಗಳು ಬೇರೆ. ‘ಎಷ್ಟು ಸುಂದರವಾದ ಉಪಮೆ’ ಎಂದು ಕೆಳಗೆ ಗೆರೆ ಎಳೆಯುವ ಮುನ್ನ, ಇದನ್ನು ಯಾರು ಹೇಳುತ್ತಿದ್ದಾರೆ ಎಂದು ಪಕ್ಕದಲ್ಲಿ ಹೆಸರು ಬರೆಯಿರಿ. ಗ್ರಂಥಾಲಯದ ಪುಸ್ತಕವಾದರೆ ಪೋಸ್ಟ್ ಕಾರ್ಡಿನ ಮೇಲೆ ಬರೆಯಿರಿ.

ಹೆಸರುಗಳು ತಲೆ ತಿನ್ನುತ್ತವೆ. ಒಂದೇ ತೋಟದಲ್ಲಿ ಪಾಲ್ ಎ, ಪಾಲ್ ಎಫ್, ಪಾಲ್ ಡಿ. ಇನ್ನೊಬ್ಬ ಸಿಕ್ಸೋ. ನಾಯಿಯ ಹೆಸರು ‘ಹಿಯರ್ ಬಾಯ್’, ಅಂದರೆ ಬಾರೋ ಇಲ್ಲಿ. ಮೊದಲು ಸಿಟ್ಟು ಬಂತು. ಆಮೇಲೆ ಹೊಳೆಯಿತು, ಒಡೆಯನಿಗೆ ಮೂವರು ಪಾಲ್‌ಗಳನ್ನು ಬೇರ್ಪಡಿಸಲು ಒಂದೊಂದು ಅಕ್ಷರ ಸಾಕಿತ್ತು, ನಾವು ಮೂಟೆಗಳ ಮೇಲೆ ಹಾಕುವ ಗುರುತಿನಂತೆ. ಹಾಗಾಗಿ ಹೆಸರುಗಳನ್ನು ಬಾಯಿಪಾಠ ಮಾಡಬೇಡಿ, ಯಾರು ಇಟ್ಟದ್ದು ಎಂದು ಕೇಳಿ. ಸೆಥಾಳ ಅತ್ತೆ ಬೇಬಿ ಸಗ್ಸ್ ಅವರನ್ನು ನೋಡಿ. ಮಗ ಹ್ಯಾಲಿ ಐದು ವರ್ಷ ಭಾನುವಾರಗಳಂದೂ ದುಡಿದು ಅವರ ಬಿಡುಗಡೆಯನ್ನು ಕೊಂಡ. ಒಡೆಯ ಗಾರ್ನರ್ ಅವರನ್ನು ಸಿನ್ಸಿನಾಟಿಗೆ ತಂದು ಬಿಡುವಾಗ, ಮಾರಾಟದ ಚೀಟಿಯಲ್ಲಿ ಜೆನ್ನಿ ವಿಟ್ಲೋ ಎಂದಿದೆ, ಅದನ್ನೇ ಇಟ್ಟುಕೋ, ಬೇಬಿ ಸಗ್ಸ್ ಎಂಬುದು ಬಿಡುಗಡೆಯಾದವಳಿಗೆ ತಕ್ಕ ಹೆಸರಲ್ಲ ಎನ್ನುತ್ತಾನೆ. ಅವರು ಬಿಡುವುದಿಲ್ಲ. ಸಗ್ಸ್ ಗಂಡನ ಹೆಸರು, ಬೇಬಿ ಅವನು ಕರೆಯುತ್ತಿದ್ದದ್ದು. ಎಲ್ಲೋ ಹೋದ ಆ ಗಂಡ ಎಂದಾದರೂ ವಿಚಾರಿಸಿಕೊಂಡು ಬಂದರೆ, ಚೀಟಿಯ ಹೆಸರಿನಲ್ಲಿ ಹೇಗೆ ಹುಡುಕಿಯಾನು? ವಿಳಾಸ ಬದಲಿಸಬೇಡಿ, ಮಗನ ಪತ್ರ ಬಂದೀತು ಎಂದು ಹಳೆಯ ಬಾಡಿಗೆ ಮನೆಯ ಬಾಗಿಲಿಗೆ ದಿನವೂ ಬಂದು ನಿಲ್ಲುತ್ತಿದ್ದ ಒಬ್ಬ ಅಜ್ಜಿಯನ್ನು ನಾನು ಬಲ್ಲೆ. ಈ ಪುಟದಲ್ಲಿ ನನಗೆ ಕಣ್ಣೀರು ಬಂತು. ಹಾಲಿನ ಪುಟದಲ್ಲಿ ಬಂದಿರಲಿಲ್ಲ.

ಸೆಥಾಳನ್ನು ನದಿ ದಾಟಿಸಿದ ದೋಣಿಯವನ ಹೆಸರು ಸ್ಟ್ಯಾಂಪ್ ಪೇಯ್ಡ್. ಅಂಚೆಯವಳಿಗೆ ಇದಕ್ಕಿಂತ ಒಳ್ಳೆಯ ಹೆಸರು ಬೇಕೇ! ಶುಲ್ಕ ಸಂದಾಯವಾಗಿದೆ, ಇನ್ನು ಯಾರೂ ಬಾಕಿ ಕೇಳುವಂತಿಲ್ಲ. ತನಗೆ ತಾನೇ ಇಟ್ಟುಕೊಂಡ ಹೆಸರದು. ಏನು ತೆತ್ತು ಆ ಮುದ್ರೆ ಒತ್ತಿಸಿಕೊಂಡ ಎಂಬುದು ಎರಡನೆಯ ಭಾಗದ ಆರಂಭದಲ್ಲಿ ತಿಳಿಯುತ್ತದೆ. ತಿಳಿದ ಮೇಲೆ ನನ್ನ ನಗು ನಿಂತಿತು.

ಕನ್ನಡದವರಿಗೆಂದೇ ಒಂದು ಮಾತು. ನಾನು ಇಂಗ್ಲಿಷಿನಲ್ಲಿ ಓದಿದರೂ ತಲೆಯೊಳಗೆ ಅದು ಕನ್ನಡವಾಗುತ್ತಲೇ ಇರುತ್ತದೆ, ನಿಮಗೂ ಹಾಗೇ ಇರಬೇಕು. ಹಾಗೆ ಆಗುವಾಗ ಎಲ್ಲಿ ತೊಡಕುತ್ತದೆ ನೋಡಿ, ಅಲ್ಲಿ ಏನೋ ಇರುತ್ತದೆ. ಈ ಕಾದಂಬರಿಯ ಅತಿ ಕ್ರೂರಿಗೆ ಹೆಸರಿಲ್ಲ, ಬರೀ ‘ಸ್ಕೂಲ್‌ಟೀಚರ್’. ಗಾರ್ನರ್ ಸತ್ತ ಮೇಲೆ ಸ್ವೀಟ್ ಹೋಮ್ ನಡೆಸಲು ಬಂದವನು. ಪುಸ್ತಕ ಹಿಡಿದು ಗುಲಾಮರನ್ನು ಪ್ರಶ್ನೆ ಕೇಳಿ ಬರೆದುಕೊಳ್ಳುವವನು. ಕನ್ನಡದಲ್ಲಿ ಅವನನ್ನು ಏನೆನ್ನಲಿ? ‘ಮೇಷ್ಟ್ರು’ ಎಂದ ಕೂಡಲೇ ಕ್ರಿಯಾಪದ ತಾನಾಗಿ ಕೈಮುಗಿಯುತ್ತದೆ: ಮೇಷ್ಟ್ರು ಬಂದರು, ಮೇಷ್ಟ್ರು ಬರೆದುಕೊಂಡರು, ಮೇಷ್ಟ್ರು ಹೊಡೆಸಿದರು. ‘ಮೇಷ್ಟ್ರು ಬಂದ’ ಎನ್ನಲು ನಾಲಿಗೆ ಏಳುವುದಿಲ್ಲ. ಎರಡು ದಿನ ಈ ವಾಕ್ಯದ ಜೊತೆ ಗುದ್ದಾಡಿದೆ. ಆಮೇಲೆ ತಿಳಿಯಿತು, ಹೆಸರಿಡದೆ ಬಿಟ್ಟದ್ದರ ಮರ್ಮವೇ ಇದು ಇರಬಹುದು. ಗೌರವದ ಪದದೊಳಗೆ ಕೂತು ಅವನು ಆ ಕೆಲಸ ಮಾಡುತ್ತಾನೆ. ಅವನು ಬರೆಯುವ ಶಾಯಿಯನ್ನು ತಯಾರಿಸಿ ಕೊಡುವವಳು ಸೆಥಾ, ಅವಳು ಮಾಡಿದ ಶಾಯಿಯೇ ಅವನಿಗೆ ಇಷ್ಟ. ಮೂವತ್ತನಾಲ್ಕು ವರ್ಷ ಬೆರಳಿನ ತುದಿಯಲ್ಲಿ ಮುದ್ರೆಯ ಶಾಯಿ ಅಂಟಿಸಿಕೊಂಡವಳಿಗೆ ಆ ಒಂದು ಸಾಲು ಸಾಕು.

ಇನ್ನೊಂದು ತೊಡಕು ನೆನಪಿನದು. ಸೆಥಾ ‘ರಿಮೆಮರಿ’ ಎನ್ನುತ್ತಾಳೆ, ನಿಘಂಟಿನಲ್ಲಿ ಹುಡುಕಬೇಡಿ. ಮನೆ ಸುಟ್ಟುಹೋದರೂ ಅದರ ಚಿತ್ರ ಆ ಜಾಗದಲ್ಲೇ, ಹೊರಗೆ, ನಿಂತಿರುತ್ತದೆ. ಅಲ್ಲಿಗೆ ಎಂದೂ ಹೋಗದವಳು ಹೋದರೂ ಅದು ಅವಳಿಗೆ ಎದುರಾಗುತ್ತದೆ, ಆದ್ದರಿಂದ ಮಗಳೇ ನೀನು ಅತ್ತ ಹೋಗಕೂಡದು ಎಂಬುದು ಅವಳ ನಂಬಿಕೆ. ‘ನೆನಪು’ ಎಂದರೆ ಇದು ಹಿಡಿಸುವುದಿಲ್ಲ, ನಮ್ಮ ನೆನಪು ತಲೆಯೊಳಗಿರುತ್ತದೆ. ನಾನು ‘ಮರುಕಳಿಕೆ’ ಎಂದು ಬರೆದುಕೊಂಡಿದ್ದೇನೆ. ಜ್ವರ ಮರುಕಳಿಸುತ್ತದಲ್ಲ, ಹಾಗೆ. ವಾಸಿಯಾಯಿತು ಎಂದುಕೊಂಡ ಮೇಲೆ ಬರುವುದು.

ಕರಿಯರ ಆಡುಮಾತು ಕಷ್ಟವೆನಿಸಿದರೆ ಗಟ್ಟಿಯಾಗಿ ಓದಿ. ವ್ಯಾಕರಣ ಬೇರೆ, ಕಿವಿಗೆ ತೊಡಕಿಲ್ಲ. ನಾನು ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಓದುತ್ತೇನೆ. ಅರ್ಥವಾಗದ ಕೇಳುಗರ ಮುಂದೆ ಉಚ್ಚಾರದ ನಾಚಿಕೆ ಇರುವುದಿಲ್ಲ. ಆದರೆ ಪಾಲ್ ಡಿಯ ಬಾಯಿಗೆ ಹಾಕಿದ ಕಬ್ಬಿಣದ ಕಡಿವಾಣ ಬರುವ ಪುಟಗಳನ್ನು ಹಾಗೆ ಓದಲಾಗಲಿಲ್ಲ. ಮಲಗುವ ಮುನ್ನವಂತೂ ಬೇಡ. ದಿನಕ್ಕೆ ಹತ್ತು ಹನ್ನೆರಡು ಪುಟ, ಬೆಳಕಿನಲ್ಲಿ. ಅಧ್ಯಾಯಗಳಿಗೆ ಸಂಖ್ಯೆ ಇಲ್ಲ, ಖಾಲಿ ಜಾಗವೇ ನಿಲ್ದಾಣ.

‘ನಮ್ಮಲ್ಲೂ ಹೀಗೇ ಇತ್ತಲ್ಲ’ ಎಂಬ ಮಾತು ನಾಲಿಗೆಗೆ ಬರುತ್ತದೆ. ನನಗೂ ಬಂತು. ನಮ್ಮ ಅಜ್ಜಿಯ ಮನೆಯ ಹಿತ್ತಿಲ ಗೋಡೆಯ ಮೇಲೆ ಬೇರೆಯಾಗಿ ಕವುಚಿಟ್ಟಿರುತ್ತಿದ್ದ ಲೋಟ ನೆನಪಾಯಿತು. ಅದನ್ನೂ ಗೂಡಿಗೆ ಹಾಕಿದ್ದೇನೆ. ಹೋಲಿಕೆ ಸುಳ್ಳೆಂದಲ್ಲ. ಅಷ್ಟು ಬೇಗ ಹೋಲಿಸಿದರೆ ಸೆಥಾಳನ್ನು ನೋಡುವುದು ಬಿಟ್ಟು ನನ್ನನ್ನೇ ನೋಡಿಕೊಳ್ಳುತ್ತಾ ಕೂರುತ್ತೇನೆ, ಆ ಲೋಟವನ್ನೂ ಸರಿಯಾಗಿ ನೋಡಿದಂತಾಗುವುದಿಲ್ಲ.

ಎಲ್ಲವೂ ಹಿಡಿಸಿತು ಎಂದೇನಿಲ್ಲ. ಡೆನ್ವರ್ ಮೊದಲ ಐವತ್ತು ಪುಟ ನನಗೆ ಸಿಟ್ಟು ತರಿಸಿದಳು. ಮನೆಗೆ ಬಂದ ನೆಂಟನ ಮುಂದೆ ಹೀಗೆ ಮುಖ ಊದಿಸಿಕೊಳ್ಳುವ ಹದಿನೆಂಟರ ಹುಡುಗಿಗೆ ನಾನಾಗಿದ್ದರೆ ನಾಲ್ಕು ಮಾತು ಹೇಳುತ್ತಿದ್ದೆ. ಅವಳ ಒಂಟಿತನ ಎಂಥದ್ದೆಂದು ತಿಳಿಯಲು ತಡವಾಯಿತು. ನೀರಿನಿಂದ ಎದ್ದು ಬಂದ ಆ ಯುವತಿ, ಗೆರೆಗಳೇ ಇಲ್ಲದ ನುಣುಪು ಚರ್ಮದವಳು, ಸಕ್ಕರೆಗೆ ಹಾತೊರೆಯುವವಳು, ಅವಳು ಯಾರೆಂದು ಓದುಗರಿಗೆ ಕೂಡಲೇ ಹೊಳೆಯುತ್ತದೆ, ಸೆಥಾಳಿಗೆ ಹೊಳೆಯುವುದಿಲ್ಲ. ಅಲ್ಲಿ ನನಗೆ ತಾಳ್ಮೆ ತಪ್ಪಿತು. ಒಂದು ಮಾತ್ರ ಗಮನಿಸಿದೆ: ಕನ್ನಡದಲ್ಲಿ ಕೂಸು ‘ಅದು’. ಮನೆ ಹಿಡಿದ ಕೂಸನ್ನು ನಾನು ಸಲೀಸಾಗಿ ‘ಅದು’ ಎನ್ನುತ್ತಿದ್ದೆ. ಈ ಯುವತಿ ಬಂದು ಮರದ ಬುಡದಲ್ಲಿ ಕೂತ ಮೇಲೆ ‘ಅವಳು’ ಎನ್ನಲು ನಾನು ಎಷ್ಟೋ ಪುಟ ತಡವರಿಸಿದೆ. ಡೆನ್ವರ್ ಮಾತ್ರ ತಡವರಿಸಲಿಲ್ಲ, ಲೋಟದ ಮೇಲೆ ಲೋಟ ನೀರು ಕೊಟ್ಟಳು.

ಕೊನೆಯದಾಗಿ ಶೀರ್ಷಿಕೆ. ಇಂಗ್ಲಿಷಿನಲ್ಲಿ ಏಳು ಅಕ್ಷರ. ಸತ್ತ ಮಗುವಿನ ಗೋರಿಕಲ್ಲಿನ ಮೇಲೆ ಆ ಏಳು ಅಕ್ಷರ ಕೆತ್ತಿಸಲು ಸೆಥಾಳ ಬಳಿ ದುಡ್ಡಿರಲಿಲ್ಲ. ಕಲ್ಲಿನವನು ಬೇರೆ ಬೆಲೆ ಕೇಳಿದ, ಹತ್ತು ನಿಮಿಷ. ಅವಳು ತೆತ್ತಳು. ಸಂಸ್ಕಾರದ ದಿನ ಪಾದ್ರಿ ಹೇಳಿದ್ದು ಎರಡು ಪದ, ‘ಡಿಯರ್ಲಿ ಬಿಲವ್ಡ್’. ಇನ್ನೂ ಹತ್ತು ನಿಮಿಷ ಕೊಟ್ಟಿದ್ದರೆ ಮೊದಲ ಪದವೂ ಸಿಗುತ್ತಿತ್ತೇನೋ ಎಂದು ಅವಳು ಆಮೇಲೆ ಯೋಚಿಸುತ್ತಾಳೆ. ಇದು ಮೂರನೆಯದೋ ನಾಲ್ಕನೆಯದೋ ಪುಟ. ತಂತಿಯ ಕಾಲದಲ್ಲಿ ನಾನು ಕೆಲವು ವರ್ಷ ಕೌಂಟರಿನಲ್ಲೂ ಕೂತಿದ್ದೆ. ಪದ ಎಣಿಸಿ ದುಡ್ಡು ಹೇಳಬೇಕು. ಮಗಳು ತೀರಿಕೊಂಡ ಸುದ್ದಿಯನ್ನು ಅಳಿಯನಿಗೆ ಕಳಿಸಲು ಬಂದ ಒಬ್ಬರು ನಾನು ಹೇಳಿದ ಮೊತ್ತ ಕೇಳಿ ಜೇಬು ತಡವಿದರು, ಎರಡು ಪದ ತೆಗೆಯಿರಿ ಎಂದರು. ಯಾವ ಎರಡು ಎಂದು ನಾನೇ ಕೇಳಬೇಕಾಯಿತು.

ಇಲ್ಲಿಂದ ಮುಂದೆ ಮೂವತ್ತು ಪುಟ ಕಳೆದರೆ ಪೂರ್ಣವಿರಾಮಗಳೇ ಇಲ್ಲದ, ಪದಗಳ ನಡುವೆ ಬರೀ ಬಿಳಿ ಜಾಗ ಬಿಟ್ಟ ಪುಟಗಳು ಇವೆ. ಹಾಳೆ ಮಗುಚುವಾಗ ಕಣ್ಣಿಗೆ ಬಿದ್ದಿವೆ. ಅವುಗಳನ್ನು ಹೇಗೆ ಓದಬೇಕೆಂದು ಹೇಳಲು ನನ್ನಲ್ಲಿ ಈಗ ಏನೂ ಇಲ್ಲ. ಗೂಡಿನಲ್ಲಿ ಇನ್ನೂ ಐದು ಚೀಟಿಗಳಿವೆ. ಪುಸ್ತಕವನ್ನು ಹತ್ತೊಂಬತ್ತಕ್ಕೆ ಹಿಂತಿರುಗಿಸಬೇಕು, ಮೂರನೆಯ ಸಲ ವಿಸ್ತರಿಸಿಕೊಡುತ್ತಾರೋ ಇಲ್ಲವೋ ಎಂದು ಮಗಳು ನಾಳೆ ವಿಚಾರಿಸುತ್ತಾಳೆ.